ಆ ರೂಮಲ್ಲಿ ನಕ್ಕೋರು ಯಾರು?

ನಮಸ್ಕಾರ ಕೇಳುಗರೇ. ದೊಡ್ಡ ಸ್ಥಾನದಲ್ಲಿರೋರು ಹೆಂಗಸರ ಬಗ್ಗೆ ಕೀಳಾಗಿ ಮಾತಾಡಿದಾಗ ಜನ ಏನ್ ಮಾಡ್ತಾರೆ, ಏನ್ ಮಾಡ್ಬೇಕು ಅನ್ನೋದು ಇವತ್ತು ನಂಗೆ ಕೊಟ್ಟಿರೋ ವಿಷಯ. ನಂಗೆ ಹೇಳೋಕಿರೋದು ಒಂದೇ ಮಾತು, ಈಗ್ಲೇ ಹೇಳ್ಬಿಡ್ತೀನಿ. ನಗಬೇಡಿ. ಅಂಥ ಮಾತು ಬಂದಾಗ ನೀವು ಆ ರೂಮಲ್ಲಿದ್ರೆ ದಯವಿಟ್ಟು ನಗಬೇಡಿ. ಟಿವಿ ಚರ್ಚೆ, ಪ್ರತಿಭಟನೆ, ಹ್ಯಾಷ್‌ಟ್ಯಾಗ್ ಎಲ್ಲಾ ಮಾರನೇ ದಿನದ ಕೆಲಸ. ಅಲ್ಲಿ ಕೂತಿದ್ದೋರು ನಕ್ರಾ, ಸುಮ್ನಿದ್ರಾ, ಮುಖ ಗಂಟು ಹಾಕಿದ್ರಾ, ಮೊದಲನೇ ಪ್ರತಿಕ್ರಿಯೆ ಅದೇ.

ಜಪಾನಿನ ಕಥೆ ಹೇಳ್ತೀನಿ, ಹೋದಲ್ಲೆಲ್ಲಾ ಇದನ್ನೇ ಹೇಳೋದು ನಾನು. 2021ರ ಫೆಬ್ರವರಿ 3. ಟೋಕಿಯೋ ಒಲಿಂಪಿಕ್ಸ್ ಸಂಘಟನಾ ಸಮಿತಿ ಅಧ್ಯಕ್ಷ ಯೋಶಿರೋ ಮೋರಿ, ಹಿಂದೆ ಆ ದೇಶದ ಪ್ರಧಾನಿ ಆಗಿದ್ದೋರು, 83 ವರ್ಷ. ಅಲ್ಲಿನ ಒಲಿಂಪಿಕ್ ಸಮಿತಿ ಸಭೇಲಿ ಮಾತಾಡ್ತಾ, ಹೆಂಗಸರು ಜಾಸ್ತಿ ಇದ್ರೆ ಮೀಟಿಂಗ್ ಎಳೀತಾನೇ ಹೋಗುತ್ತೆ, ಒಬ್ಬಳು ಕೈ ಎತ್ತಿದ್ರೆ ಇನ್ನೊಬ್ಬಳಿಗೂ ಮಾತಾಡ್ಲೇಬೇಕು ಅನ್ಸುತ್ತೆ, ಅವರ ಸಂಖ್ಯೆ ಹೆಚ್ಚು ಮಾಡಿದ್ರೆ ಮಾತಾಡೋ ಟೈಮಿಗೂ ಮಿತಿ ಹಾಕ್ಬೇಕಾಗುತ್ತೆ ಅನ್ನೋ ಅರ್ಥದಲ್ಲಿ ಹೇಳಿದ್ರು. ನಮ್ ಸಮಿತೀಲಿರೋ ಹೆಂಗಸರು ಹಾಗಲ್ಲ, ತಮ್ ಮಿತಿ ತಿಳ್ಕೊಂಡಿದ್ದಾರೆ ಅಂತ ಮೆಚ್ಚಿಗೆ ಬೇರೆ. ಆಗ ಆ ಸಭೇಲಿ ಏನಾಯ್ತು ಗೊತ್ತಾ? ನಗು ಕೇಳಿಸ್ತು ಅಂತ ಪತ್ರಿಕೆಗಳು ಬರೆದ್ವು. ನಗು!

ಮಾರನೇ ದಿನ ಮೋರಿ ಮಾತು ವಾಪಸ್ ತಗೊಂಡು ಕ್ಷಮೆ ಕೇಳಿದ್ರು, ಆದ್ರೆ ರಾಜೀನಾಮೆ ಕೊಡಲ್ಲ ಅಂದ್ರು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಕೂಡ ವಿಷಯ ಮುಗೀತು ಅಂದ್ಬಿಡ್ತು. ಜನ ಮುಗಿಸ್ಲಿಲ್ಲ. 'ಮಿತಿ ತಿಳ್ಕೊಳ್ಳದ ಹೆಂಗಸರು ನಾವು' ಅಂತ ಅದೇ ಮಾತನ್ನ ತಿರುಗಿಸಿ ಸಾವಿರಾರು ಜನ ಬರೆದ್ರು, ಮೋರಿ ಮೇಲೆ ಕ್ರಮ ತಗೊಳ್ಳಿ ಅನ್ನೋ ಮನವಿಗೆ ಒಂದೂವರೆ ಲಕ್ಷದ ಹತ್ರ ಸಹಿ ಬಿತ್ತು, ಕೆಲವೇ ದಿನದಲ್ಲಿ ನಾನೂರರಷ್ಟು ಸ್ವಯಂಸೇವಕರು ನಮಗೆ ಈ ಕೆಲಸ ಬೇಡ ಅಂತ ಹೊರಗೆ ಬಂದ್ರು, ವಿರೋಧ ಪಕ್ಷದ ಸಂಸದೆಯರು ಪ್ರತಿಭಟನೆಗೆ ಅಂತ ಬಿಳೀ ಬಟ್ಟೆ ಹಾಕ್ಕೊಂಡು ಸಂಸತ್ತಿಗೆ ಬಂದ್ರು, ಪ್ರಾಯೋಜಕರಾಗಿದ್ದ ಟೊಯೋಟಾದಂಥ ಕಂಪನಿ ಬಾಯಿಂದ್ಲೂ ಬೇಸರದ ಮಾತು ಬಂತು. ವಿಷಯ ಮುಗೀತು ಅಂದಿದ್ದ ಒಲಿಂಪಿಕ್ ಸಮಿತೀನೇ ಆ ಮಾತು ಸರಿಯಿಲ್ಲ ಅಂತ ಒಪ್ಪಬೇಕಾಯ್ತು. 12ನೇ ತಾರೀಖು ಮೋರಿ ರಾಜೀನಾಮೆ ಕೊಟ್ರು. ಆ ಸ್ಥಾನಕ್ಕೆ ಸೇಕೋ ಹಾಶಿಮೊಟೊ ಬಂದ್ರು, ಸ್ಕೇಟಿಂಗ್‌ನಲ್ಲೂ ಸೈಕ್ಲಿಂಗ್‌ನಲ್ಲೂ ಒಲಿಂಪಿಕ್ಸ್ ಆಡಿದ್ದೋರು. ಅವರು ಬಂದ್ಮೇಲೆ ಸಂಘಟನಾ ಸಮಿತಿಯ ಆಡಳಿತ ಮಂಡಳಿಗೆ 12 ಹೆಂಗಸರನ್ನ ಹೊಸದಾಗಿ ಸೇರಿಸಿದ್ರು, ಹೆಂಗಸರ ಪಾಲು 42 ಪರ್ಸೆಂಟ್‌ಗೆ ಏರಿತು.

ಅದಕ್ಕೇ ಯಾರಾದ್ರೂ ನನ್ ಹತ್ರ ಬಂದು "ಕ್ಷಮೆ ಕೇಳಿದ್ರಲ್ಲ ಮೇಡಂ, ಇನ್ನೇನು ಬೇಕು" ಅಂದ್ರೆ ನಂಗೆ ಸ್ವಲ್ಪ ಸಿಟ್ಟೇ ಬರುತ್ತೆ. ಕ್ಷಮೆ ಕೇಳಿದ್ದು 4ನೇ ತಾರೀಖು, ಜನ ಅಲ್ಲಿಗೇ ಬಿಟ್ಟಿದ್ರೆ ಆ 12 ಜನ ಹೆಂಗಸರು ಒಳಗೆ ಬರ್ತಾ ಇದ್ರಾ?

ಟೈಮ್ ಆಗ್ತಿದೆ ಅಂತ ಗಾಜಿನ ಆಚೆಯಿಂದ ಸನ್ನೆ ಮಾಡ್ತಿದ್ದಾರೆ, ಉಳಿದಿದ್ದು ಬೇಗ ಬೇಗ ಹೇಳ್ತೀನಿ. 2021ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಹಿರಿಯ ಶಾಸಕರೊಬ್ಬರು ಅತ್ಯಾಚಾರದ ಬಗ್ಗೆ ಆಡಿದ ಮಾತು ನಿಮಗೆ ನೆನಪಿರುತ್ತೆ, ಅದನ್ನ ನನ್ ಬಾಯಲ್ಲಿ ಹೇಳಲ್ಲ. ಅಲ್ಲೂ ನಗು, ಪೀಠದಿಂದ್ಲೇ ನಗು. ದೇಶವೆಲ್ಲಾ ಛೀ ಅಂದ್ಮೇಲೆ ಕ್ಷಮೆ ಬಂತು. ಸದನದೊಳಗೆ ಆಡಿದ ಮಾತಿಗೆ ಸಂವಿಧಾನದ 194ನೇ ವಿಧಿ ಪ್ರಕಾರ ಕೋರ್ಟಿಗೆ ಹೋಗೋ ಹಾಗಿಲ್ಲ, ಅಂದ್ಮೇಲೆ ತಡೀಬೇಕಾದೋರು ಅಲ್ಲಿ ಕೂತಿರೋರೇ ಅಲ್ವಾ? ಅವರೇ ನಕ್ರೆ?

ಟರ್ಕಿಯಲ್ಲಿ 2014ರಲ್ಲಿ ಉಪಪ್ರಧಾನಿ ಬುಲೆಂತ್ ಅರಿಂಚ್, ಹೆಂಗಸರು ನಾಕ್ ಜನದ ಮುಂದೆ ಜೋರಾಗಿ ನಗಬಾರದು ಅಂದಾಗ ಅಲ್ಲಿನ ಹೆಂಗಸರು ಬಾಯ್ತುಂಬ ನಗ್ತಿರೋ ಫೋಟೋ ಹಾಕಿದ್ರು, ನಂಗೆ ಬಹಳ ಇಷ್ಟ ಆ ನಗು. ಯಾರು ಯಾವಾಗ ನಗ್ತಾರೆ ಅನ್ನೋದ್ರಲ್ಲೇ ಎಲ್ಲಾ ಇದೆ ನೋಡಿ.

ನಾಳೆ ನಿಮ್ ಆಫೀಸಲ್ಲಿ, ಸಂಘದಲ್ಲಿ, ಯಾವ್ದೋ ಕಮಿಟೀಲಿ ಮೇಲಿನೋರು ಇಂಥ ಮಾತಾಡಿದ್ರೆ ಎದ್ದು ಕೂಗಾಡೋ ಧೈರ್ಯ ಎಲ್ರಿಗೂ ಇರಲ್ಲ, ನಂಗೆ ಗೊತ್ತು, ಕೆಲಸ ಹೋದೀತು ಅನ್ನೋ ಭಯ ಸುಳ್ಳಲ್ಲ. ಆದ್ರೆ ಮುಖ ಬಿಗಿ ಹಿಡಿದು ಕೂತ್ಕೊಳ್ಳೋಕೆ ಯಾರ ಪರ್ಮಿಷನ್ನೂ ಬೇಡ. ಇನ್ನೂ ಸ್ವಲ್ಪ ಧೈರ್ಯ ಇದ್ರೆ ನಿಧಾನಕ್ಕೆ ಕೇಳಿ, "ಸರ್, ಈಗ ಹೇಳಿದ್ರಲ್ಲ, ಇದನ್ನ ಮಿನಿಟ್ಸ್‌ನಲ್ಲಿ ಬರ್ಕೊಳ್ಳಾ?" ಅಂತ. ಪೆನ್ನು ಕೈಲಿ ಹಿಡ್ಕೊಂಡೇ ಕೇಳಿ.

ನಮಸ್ಕಾರ.