ಒಂದು ಕಿಲೋ ಮೈಲುತುತ್ತಿನಲ್ಲಿ ತಾಮ್ರ ಎಷ್ಟು?

[ದೃಶ್ಯ: ಅಡಿಕೆ ತೋಟದ ಬದಿ. ಮಳೆ ಈಗಷ್ಟೇ ಬಿಟ್ಟಿದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀಲಿ ದ್ರಾವಣ.]

ನಮಸ್ಕಾರ. ನಾವೀಗ ಬದಿಯಡ್ಕದ ಹತ್ತಿರ ಒಂದು ತೋಟದಲ್ಲಿದ್ದೇವೆ. ಆಟಿ ತಿಂಗಳು. ಮಳೆ ಒಂದು ಗಳಿಗೆ ಬಿಟ್ಟರೆ ಸಾಕು, ಎಲ್ಲರಿಗೂ ಮದ್ದು ಬಿಡುವ ಗಡಿಬಿಡಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ: ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಈ ಲೆಕ್ಕ ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಅದೇ ಮಕ್ಕಳು ಸೂತ್ರರಾಶಿ (ಸೂತ್ರದಲ್ಲಿರುವ ಎಲ್ಲ ಪರಮಾಣುಗಳ ರಾಶಿಯ ಮೊತ್ತ) ಅಂದ ಕೂಡಲೇ ಮುಖ ಸಪ್ಪೆ ಮಾಡುತ್ತಾರೆ. ಎರಡೂ ಇರುವುದು ಇದೇ ಡ್ರಮ್ಮಿನಲ್ಲಿ ಮಾರ್ರೆ!

[ಕ್ಲೋಸಪ್: ಅಂಗೈಯಗಲದ ತಟ್ಟೆಯಲ್ಲಿ ನೀಲಿ ಹರಳು.]

ಮೈಲುತುತ್ತಿನ ಸೂತ್ರ ಸಿಯು ಎಸ್‌ಓ4, ಒಂದು ಚುಕ್ಕಿ, ಆಮೇಲೆ 5 ಎಚ್2ಓ. ತಾಮ್ರದ ಪರಮಾಣುರಾಶಿ 63.5. ಗಂಧಕ 32. ಆಮ್ಲಜನಕ 16, ನಾಲ್ಕಿವೆ, 64. ಕೂಡಿಸಿದರೆ 159.5. ಚುಕ್ಕಿಯ ಆಚೆಗಿರುವುದು ನೀರು: ಒಂದಕ್ಕೆ 18, ಐದಕ್ಕೆ 90. ಒಟ್ಟು 249.5. ಮುಗಿಯಿತು.

ಆ ಚುಕ್ಕಿ ಇದೆಯಲ್ಲ, ಅದು ಗುಣಾಕಾರ ಅಲ್ಲ. ನಾನು ಹತ್ತನೇ ಕ್ಲಾಸಿನಲ್ಲಿ 159.5ನ್ನು 90ರಿಂದ ಗುಣಿಸಿ 14,355 ಅಂತ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ಮಾಷ್ಟ್ರು ಬೈಯಲಿಲ್ಲ, ಇಡೀ ಕ್ಲಾಸಿಗೆ ಓದಿ ಹೇಳಿದರು.

‘ಅಣುರಾಶಿ’ ಅನ್ನದೆ ‘ಸೂತ್ರರಾಶಿ’ ಅನ್ನುವುದು ಯಾಕೆ? ಈ ಹರಳಿನೊಳಗೆ ಬಿಡಿಬಿಡಿ ಅಣುಗಳಿಲ್ಲ. ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಸಾಲುಗಟ್ಟಿ ನಿಂತಿವೆ. ಸೂತ್ರ ಹೇಳುವುದು ಅವುಗಳ ಪ್ರಮಾಣವನ್ನು ಮಾತ್ರ.

[ದೃಶ್ಯ: ಪ್ರಯೋಗಾಲಯ. ಪಿಂಗಾಣಿ ಬಟ್ಟಲು, ಬರ್ನರ್, ತಕ್ಕಡಿ.]

ಇಲ್ಲಿ 5 ಗ್ರಾಂ ಹರಳು ಕಾಯಿಸುತ್ತಿದ್ದೇವೆ. ಮನೆಯ ಸೌಟಿನಲ್ಲಿ ಮಾಡಬೇಡಿ, ಇದು ವಿಷ. ನೋಡಿ, ಅಂಚಿನಿಂದ ನೀಲಿ ಮಾಸುತ್ತಾ ಬಂತು... ಈಗ ಪೂರ್ತಿ ಬೂದಿಬಿಳಿ ಹುಡಿ. ನೀರೆಲ್ಲ ಹೋದರೆ ಉಳಿಯಬೇಕಾದದ್ದು ಸುಮಾರು 3.2 ಗ್ರಾಂ. 5ನ್ನು 159.5ರಿಂದ ಗುಣಿಸಿ 249.5ರಿಂದ ಭಾಗಿಸಿ, ಅಷ್ಟೇ ಬರುತ್ತದೆ. ಎರಡು ಹನಿ ನೀರು ಬಿಟ್ಟರೆ ಮತ್ತೆ ನೀಲಿ!

ಅಂದರೆ ನೀವು ದುಡ್ಡು ಕೊಟ್ಟು ತಂದ ಒಂದು ಕಿಲೋದಲ್ಲಿ ಸುಮಾರು 360 ಗ್ರಾಂ ನೀರೇ. ಶಿಲೀಂಧ್ರವನ್ನು ತಡೆಯುವ ತಾಮ್ರ ಸುಮಾರು 254 ಗ್ರಾಂ. ಅಂಗಡಿಯವರ ಮೋಸ ಅಲ್ಲ, ಹರಳಿನ ಗುಣವೇ ಅದು.

ಇನ್ನು ಅರಳಿದ ಸುಣ್ಣ: ಸಿಎ, ಆವರಣದೊಳಗೆ ಓಎಚ್, ಹೊರಗೆ 2. ಆ 2 ಆಮ್ಲಜನಕಕ್ಕೂ ಸೇರಬೇಕು, ಜಲಜನಕಕ್ಕೂ ಸೇರಬೇಕು. 40, ಜೊತೆಗೆ ಎರಡು 17. ಒಟ್ಟು 74. 58 ಬಂದವರು ಆವರಣ ಮರೆತಿದ್ದೀರಿ.

ಒಂದು ಸೂತ್ರಕ್ಕೆ ಒಂದು ಸೂತ್ರ ಅಂತ ಸರಳವಾಗಿ ಹಿಡಿದರೆ, 249.5 ಭಾಗ ಮೈಲುತುತ್ತಿಗೆ 74 ಭಾಗ ಸುಣ್ಣ. ಒಂದು ಕಿಲೋಗೆ 300 ಗ್ರಾಂ ಕೂಡ ಬೇಡ! ಮತ್ತೆ ನಾವು ಒಂದು ಕಿಲೋ ಸುರಿಯುವುದು ಯಾಕೆ? ಗಾಳಿಗೆ ಬಿದ್ದ ಸುಣ್ಣ ಸ್ವಲ್ಪಸ್ವಲ್ಪವೇ ಕಾರ್ಬೊನೇಟ್ ಆಗಿ ಸತ್ವ ಕಳೆದುಕೊಳ್ಳುತ್ತದೆ. ಸುಣ್ಣ ಕಡಿಮೆಯಾದರೆ ಬಿಡಿ ತಾಮ್ರ ಉಳಿದು ಎಳೆ ಹಿಂಗಾರವನ್ನೇ ಸುಡುತ್ತದೆ. ಹಾಗಾಗಿ ಧಾರಾಳ.

[ದೃಶ್ಯ: ಮತ್ತೆ ತೋಟ. ಡ್ರಮ್ಮಿನೊಳಗೆ ಕಬ್ಬಿಣದ ಪೀಶಕತ್ತಿ.]

ಹಳಬರು ಇದನ್ನು ಕತ್ತಿ ಅದ್ದಿಯೇ ನೋಡುತ್ತಿದ್ದರು. ಅಲಗಿಗೆ ಕೆಂಪು ಹತ್ತಿದರೆ ತಾಮ್ರ ಬಿಡಿಯಾಗಿದೆ, ಇನ್ನಷ್ಟು ಸುಣ್ಣ ಬೇಕು. ಒಂದು ನಿಮಿಷ ಇರಲಿ... ತೆಗೆಯಿರಿ. ಕೆಂಪಿಲ್ಲ. ಪಂಪು ಹಾಕಿ, ಮೋಡ ಕಟ್ಟುತ್ತಿದೆ.