ಮಾತಾಡುವ ಹೇಸರಗತ್ತೆ

ಗೆಳೆಯರೇ, ಈಗಷ್ಟೇ ನೋಡಿದ ಚಿತ್ರದಲ್ಲಿ ಈ ಸಭಾಂಗಣ ಜೋರಾಗಿ ನಕ್ಕದ್ದು ಹೇಸರಗತ್ತೆ ಮಾತಾಡಿದಾಗ. ಪಾಪ, ನಾಯಕನ ಗೆಳೆಯ ಡಸ್ಟಿ ಅದನ್ನು ನಂಬಿ ದುಡ್ಡು ಕೊಟ್ಟು ಕೊಂಡುಬಿಡುತ್ತಾನೆ. ಮಾತೆಲ್ಲ ಮಾರಿದವನದು, ಕತ್ತೆಯದಲ್ಲ. ನಾನೂ ನಕ್ಕೆ. ಆ ನಗುವಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾವು ನೋಡಿದ ‘ದಿ ಬ್ರಾಂಜ್ ಬಕರೂ’ 1939ರ ಚಿತ್ರ. ಪೂರಾ ಒಂದು ಗಂಟೆಯೂ ಇಲ್ಲ. ಆಗ ಅಮೆರಿಕದ ಎಷ್ಟೋ ಊರುಗಳಲ್ಲಿ ಕಪ್ಪು ಜನರಿಗೆ ಬೇರೆ ಟಾಕೀಸು, ಇಲ್ಲವೇ ಬಾಲ್ಕನಿ. ನಮ್ಮಲ್ಲಿ ಬಾಲ್ಕನಿ ಎಂದರೆ ಹೆಚ್ಚು ದುಡ್ಡಿನ ಟಿಕೆಟ್ಟು. ಅಲ್ಲಿ ಅದು ಬಿಳಿಯರ ಕಣ್ಣಿಗೆ ಬೀಳದಂತೆ ಕೂರಿಸುವ ಜಾಗ. ಆ ಪ್ರೇಕ್ಷಕರಿಗಾಗಿಯೇ ಡೆಟ್ರಾಯಿಟ್‌ನ ಜಾಝ್ ಗಾಯಕ ಹರ್ಬ್ ಜೆಫ್ರೀಸ್ 1937ರಿಂದ 39ರೊಳಗೆ ನಾಲ್ಕು ಚಿತ್ರಗಳಲ್ಲಿ ಹಾಡುವ ಕೌಬಾಯ್ ಆದರು. ಕಾಸಿಗೆ ತಕ್ಕ ಕಜ್ಜಾಯ: ಕೊನೆಯ ಮೂರರಲ್ಲೂ ನಾಯಕನ ಹೆಸರು ಬಾಬ್ ಬ್ಲೇಕ್, ಮತ್ತೆ ಮತ್ತೆ ಅವೇ ಮುಖಗಳು. ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್ ಬಳಿಯ ಮರ್ರೀ ರ‍್ಯಾಂಚ್‌ನಲ್ಲಿ. ಬೇರೆಡೆ ಬಾಗಿಲು ಮುಚ್ಚಿಸಿಕೊಂಡ ಕಪ್ಪು ಪ್ರವಾಸಿಗರಿಗಾಗಿ ಕಪ್ಪು ದಂಪತಿ ನಡೆಸುತ್ತಿದ್ದ ತಾಣ ಅದು.

ನಾಲ್ಕರಲ್ಲಿ ಮೂರು ಚಿತ್ರಗಳ ಹೆಸರಿನಲ್ಲಿ ‘ಹಾರ್ಲೆಮ್’ ಇದೆ. ಕಪ್ಪು ಜನರ ನೆಲೆಯಾದ ನ್ಯೂಯಾರ್ಕಿನ ಆ ಬಡಾವಣೆಗೂ ಹುಲ್ಲುಗಾವಲಿಗೂ ಏನು ನಂಟು? ಏನೂ ಇಲ್ಲ. ಪೋಸ್ಟರ್ ನೋಡಿದವರಿಗೆ ಇದು ಯಾರ ಚಿತ್ರ ಎಂದು ತಿಳಿದರೆ ಸಾಕಿತ್ತು. ಮೊದಲ ಚಿತ್ರದ ನಿರ್ಮಾಪಕ ಜೆಡ್ ಬ್ಯೂಯೆಲ್ ಸಮಾನತೆಯ ಹರಿಕಾರರೇನಲ್ಲ. ಮರುವರ್ಷವೇ ಅವರು ಬರೀ ಕುಳ್ಳರನ್ನು ಹಾಕಿಕೊಂಡು ಇನ್ನೊಂದು ಕೌಬಾಯ್ ಚಿತ್ರ ಮಾಡಿದರು. ವಿಚಿತ್ರವಾಗಿದ್ದರೆ ಓಡುತ್ತದೆ ಎಂಬ ಲೆಕ್ಕ, ಅಷ್ಟೇ.

ಆದರೆ ಕಪ್ಪು ಕೌಬಾಯ್ ವಿಚಿತ್ರವೇ ಅಲ್ಲ. ದನ ಹೊಡೆದುಕೊಂಡು ಹೋಗುತ್ತಿದ್ದವರಲ್ಲಿ ಸುಮಾರು ನಾಲ್ಕರಲ್ಲೊಬ್ಬ ಕಪ್ಪು ಮನುಷ್ಯ ಎಂಬುದು ಇತಿಹಾಸಕಾರರ ಅಂದಾಜು. ಬಿಲ್ ಪಿಕೆಟ್ ಎಂಬವರು ಓಡುವ ಹೋರಿಯ ಮೇಲೆ ಕುದುರೆಯಿಂದ ಹಾರಿ, ಕೊಂಬು ತಿರುವಿ, ಅದರ ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಕೆಡವುತ್ತಿದ್ದರು. 1922ರಷ್ಟು ಹಿಂದೆಯೇ ಅವರ ಮೇಲೆ ಚಿತ್ರ ಬಂದಿತ್ತು. ಕಪ್ಪು ಕೌಬಾಯ್‌ನನ್ನು ತೆರೆಯಿಂದ ಅಳಿಸಿದ್ದು ದೊಡ್ಡ ಸ್ಟುಡಿಯೋಗಳು.

ಈಗ ಡಸ್ಟಿ. ಪೆದ್ದು, ನಂಬುಗ, ಹೆದರುಪುಕ್ಕಲ: ಬಿಳಿಯರ ರಂಗಭೂಮಿ ಕಪ್ಪು ಜನರಿಗೆ ತೊಡಿಸಿದ್ದ ಹಳೇ ವೇಷವೇ ಇದು. ನಾಯಕನ ಕಥೆಯೂ ನೇರವಿಲ್ಲ. ಜೆಫ್ರೀಸ್ ಮೈಬಣ್ಣ ತೀರ ತಿಳಿಯಾಯಿತೆಂದು ಮೇಕಪ್ ಬಳಿದು ಕಪ್ಪಾಗಿಸಿದರು. ಆದರೂ ಈ ಡಸ್ಟಿಯನ್ನು ನಾನು ಬಿಟ್ಟುಕೊಡುವುದಿಲ್ಲ. ದೊಡ್ಡ ಸ್ಟುಡಿಯೋದ ಚಿತ್ರದಲ್ಲಾದರೆ ತೆರೆಯ ಮೇಲಿನ ಏಕೈಕ ಕಪ್ಪು ಮನುಷ್ಯ ಅವನೇ. ಅವನ ಪೆದ್ದುತನ ಇಡೀ ಜನಾಂಗದ ತಲೆಗೆ. ಇಲ್ಲಿ ನಾಯಕ, ಖಳ, ಅಣ್ಣನಿಗಾಗಿ ಕಾಯುವ ತಂಗಿ, ಎಲ್ಲರೂ ಕಪ್ಪು ಜನರೇ. ಪೆದ್ದ ಬರೀ ಒಬ್ಬ ಪೆದ್ದ. ಅವನಿಗೆ ಟೋಪಿ ಹಾಕುವ ಪಾತ್ರದಲ್ಲಿರುವವರು ಫ್ಲೋರ್ನಾಯ್ ಮಿಲ್ಲರ್. 1921ರಲ್ಲಿ ನ್ಯೂಯಾರ್ಕಿನ ನಾಟಕರಂಗ ಬ್ರಾಡ್‌ವೇಯಲ್ಲಿ ಗೆದ್ದ ‘ಶಫಲ್ ಅಲಾಂಗ್’ ನಾಟಕದ ಬರಹಗಾರರಲ್ಲೊಬ್ಬರು.

ನಾವು ಮುಂದೆ ನೋಡಲಿರುವ ಚಿತ್ರ ‘ಹಾರ್ಲೆಮ್ ರೈಡ್ಸ್ ದಿ ರೇಂಜ್’. ಅದನ್ನು ಬರೆದವರಲ್ಲೊಬ್ಬರಾದ ಸ್ಪೆನ್ಸರ್ ವಿಲಿಯಮ್ಸ್ ನಟಿಸಿಯೂ ಇದ್ದಾರೆ; 1941ರಲ್ಲಿ ‘ದಿ ಬ್ಲಡ್ ಆಫ್ ಜೀಸಸ್’ ನಿರ್ದೇಶಿಸಿದವರು ಅವರೇ. ಹೊರಗೆ ಟೀ ಇದೆ, ಕುಡಿದು ಬನ್ನಿ.