ಕಿರ್ಕೆನೆಸ್‌ನಿಂದ ನೋಡಿದರೆ ವಿಮಾನ ಬೇರೆಯೇ

ನಮಸ್ಕಾರ. ಇವತ್ತು ಕೊರೋನಾ ಕಾಲದ ಒಂದು ವಿಷಯ ಮಾತಾಡಬೇಕು. ಮುಗಿದ ಕಥೆ ಈಗ ಯಾಕೆ ಅಂತ ನಿಮಗನ್ನಿಸಬಹುದು. ಆಗ ಅವಸರದಲ್ಲಿ ಮಾಡಿದ ನಿಯಮಗಳನ್ನು ಈಗ ನಿಧಾನವಾಗಿ ಕೂತು ನೋಡದಿದ್ದರೆ, ಮುಂದಿನ ಸಲವೂ ಅವೇ ನಿಯಮಗಳು ಅಷ್ಟೇ ಅವಸರದಲ್ಲಿ ಬರುತ್ತವೆ. ನನ್ನ ಭಯ ಅದು.

2020ರ ಮಾರ್ಚ್‌ನಲ್ಲಿ ಯುರೋಪಿನ ದೇಶಗಳು ಒಂದರ ಹಿಂದೆ ಒಂದು ಗಡಿ ಮುಚ್ಚಿದವು. ಅದಾದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. ದೇಶದ ಒಳಗೆ ವಿಮಾನ ಓಡಬೇಕಾ, ಬೇಡವಾ? ಜನ ಮನೆಯಲ್ಲೇ ಇರಿ ಅಂತ ಹೇಳಿ ವಿಮಾನ ಹಾರಿಸೋದು ಸರಿಯಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಪ್ರಶ್ನೆಗೆ ರಾಜಧಾನಿಯಲ್ಲಿ ಕೂತು ಉತ್ತರ ಹುಡುಕಬಾರದು. ದೇಶದ ಕೊನೆಯ ವಿಮಾನ ನಿಲ್ದಾಣದಲ್ಲಿ ನಿಂತು ಹುಡುಕಬೇಕು. ಯಾಕೆ ಅಂತ ತೋರಿಸಲು ನಾರ್ವೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಒಮ್ಮೆ ನಾರ್ವೆಯ ನಕ್ಷೆ ಕಣ್ಣ ಮುಂದೆ ತಂದುಕೊಳ್ಳಿ. ಉದ್ದದ, ಸಪೂರವಾದ ದೇಶ. ಜನಸಂಖ್ಯೆ 2020ರಲ್ಲಿ ಸುಮಾರು 54 ಲಕ್ಷ. ದಕ್ಷಿಣದಲ್ಲಿ ಓಸ್ಲೋ. ಈಶಾನ್ಯದ ತುತ್ತತುದಿಯಲ್ಲಿ, ರಷ್ಯಾ ಗಡಿಯ ಹತ್ತಿರ, ಕಿರ್ಕೆನೆಸ್ ಅನ್ನುವ ಸಣ್ಣ ಊರು. ಓಸ್ಲೋದಿಂದ ಅಲ್ಲಿಗೆ ನಾರ್ವೆಯ ಒಳಗೇ ರಸ್ತೆಯಲ್ಲಿ ಹೋದರೆ 2,000 ಕಿಲೋಮೀಟರಿಗೂ ಜಾಸ್ತಿ. ದಾರಿಯುದ್ದಕ್ಕೂ ಸಮುದ್ರದ ಸೀಳುಗಳು, ಬೆಟ್ಟ, ಸುರಂಗ. ರೈಲು ಹಳಿ ಬೋಡೋ ಊರಿಗೇ ಮುಗಿಯುತ್ತದೆ. ಅದರಾಚೆ ನಾರ್ವಿಕ್‌ಗೆ ಒಂದು ರೈಲುಂಟು, ಆದರೆ ಅದು ಸ್ವೀಡನ್ ಕಡೆಯಿಂದ ಬರುತ್ತದೆ. ಇನ್ನೂ ಉತ್ತರದ ಟ್ರೋಮ್ಸೋ ಊರಿಗೆ ರೈಲಿಲ್ಲ. ಹಮ್ಮರ್‌ಫೆಸ್ಟ್‌ಗೂ ಇಲ್ಲ. ಕಿರ್ಕೆನೆಸ್‌ನಿಂದ ಪ್ರಯಾಣಿಕರು ದಕ್ಷಿಣಕ್ಕೆ ಹೋಗುವ ರೈಲಂತೂ ಇಲ್ಲವೇ ಇಲ್ಲ.

ಈಗ ಆಸ್ಪತ್ರೆಯ ವಿಷಯಕ್ಕೆ ಬನ್ನಿ. ಉತ್ತರ ನಾರ್ವೆಯ ದೊಡ್ಡ ಆಸ್ಪತ್ರೆ ಇರುವುದು ಟ್ರೋಮ್ಸೋದಲ್ಲಿ. ಕಿರ್ಕೆನೆಸ್‌ನಲ್ಲೂ ಆಸ್ಪತ್ರೆ ಇದೆ, ಆದರೆ ಚಿಕ್ಕದು. ಅಲ್ಲಿ ಆಗದ ಚಿಕಿತ್ಸೆ ಎಷ್ಟೋ ಇವೆ. ಅಂಥ ರೋಗಿ ಟ್ರೋಮ್ಸೋಗೇ ಹೋಗಬೇಕು. ದೂರ ಸುಮಾರು 800 ಕಿಲೋಮೀಟರ್. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್ ಅಲ್ವಾ? ಅದಕ್ಕಿಂತ ದೂರ. ನಮಗೆ ಬೀದರಿನಿಂದ ರಾತ್ರಿ ರೈಲುಂಟು, ಸ್ಲೀಪರ್ ಬಸ್ಸುಂಟು. ಅಲ್ಲಿ ಮಾರ್ಚ್ ತಿಂಗಳಲ್ಲಿ ಹಿಮ ಬಿದ್ದು ಬೆಟ್ಟದ ರಸ್ತೆ ಬಂದ್ ಆಗುತ್ತದೆ. ಫಿನ್ಲೆಂಡ್ ಒಳಗಿನಿಂದ ಹೋದರೆ ದಾರಿ ಕಡಿಮೆಯಾಗುತ್ತಿತ್ತು. ಆದರೆ ಮಾರ್ಚ್ 19ಕ್ಕೆ ಫಿನ್ಲೆಂಡ್ ತನ್ನ ಗಡಿಯನ್ನು ಸಾಮಾನ್ಯ ಪ್ರಯಾಣಿಕರಿಗೆ ಮುಚ್ಚಿತು.

ಹಾಗಾಗಿ ಅಲ್ಲಿಯ ಜನರಿಗೆ ವಿಮಾನ ಅಂದರೆ ನಮ್ಮೂರಿನ ಕೆಂಪು ಬಸ್ಸು ಇದ್ದ ಹಾಗೆ. ರೋಗಿಗಳು, ಶಿಕ್ಷಕರು, ಊರೂರು ತಿರುಗುವ ತಜ್ಞ ವೈದ್ಯರು, ಮೀನು ಕಾರ್ಖಾನೆಗೆ ಯಂತ್ರ ರಿಪೇರಿ ಮಾಡಲು ಬರುವ ಮೆಕ್ಯಾನಿಕ್, ಎಲ್ಲರೂ ಅದರಲ್ಲೇ. ಇದು ನಿನ್ನೆ ಮೊನ್ನೆ ಬಂದ ವ್ಯವಸ್ಥೆಯಲ್ಲ. 1968ರಲ್ಲಿ ಉತ್ತರ ನಾರ್ವೆಯ ಹೆಲ್ಗೆಲಾಂಡ್ ಮತ್ತು ಅದರ ದಕ್ಷಿಣಕ್ಕಿರುವ ಕರಾವಳಿ ಭಾಗದಲ್ಲಿ ನಾಲ್ಕು ಸಣ್ಣ ನಿಲ್ದಾಣ ಒಟ್ಟಿಗೆ ತೆರೆದರು. ರನ್‌ವೇ 800 ಮೀಟರ್ ಅಷ್ಟೇ. ಆಮೇಲೆ ಅಂಥವು ಉತ್ತರದ ಉದ್ದಕ್ಕೂ, ಪಶ್ಚಿಮದಲ್ಲೂ ಬಂದವು. ಈಗ ಅಲ್ಲಿ ಹಾರುವುದು ವಿಡರೋ ಕಂಪನಿಯ ಡ್ಯಾಶ್ 8. ಫ್ಯಾನು ತಿರುಗುವ ವಿಮಾನ. ಚಿಕ್ಕದರಲ್ಲಿ 39 ಸೀಟು. ಒಂದು ಊರಲ್ಲಿ ಇಳಿದು, ನಾಲ್ಕು ಜನರನ್ನು ಇಳಿಸಿ, ಆರು ಜನರನ್ನು ಹತ್ತಿಸಿಕೊಂಡು, ಮುಂದಿನ ಊರಿಗೆ ಹಾರುತ್ತದೆ. ಹೀಗೆ ಹಾರಿದರೆ ಲಾಭ ಬರುವುದಿಲ್ಲ. ಆದ್ದರಿಂದ ಸರ್ಕಾರವೇ ಟೆಂಡರ್ ಕರೆದು, ದುಡ್ಡು ಕೊಟ್ಟು ಓಡಿಸುತ್ತದೆ.

ಇಷ್ಟು ಮನಸ್ಸಿನಲ್ಲಿಟ್ಟುಕೊಂಡು 2020ಕ್ಕೆ ಬನ್ನಿ.

ನಾರ್ವೆಯ ಮೊದಲ ಕೊರೋನಾ ಕೇಸ್ ಸಿಕ್ಕಿದ್ದು ಫೆಬ್ರವರಿ 26ರಂದು. ಅದೂ ಟ್ರೋಮ್ಸೋದಲ್ಲಿ. ಮಾರ್ಚ್ 12ಕ್ಕೆ ಪ್ರಧಾನಿ ಎರ್ನಾ ಸೋಲ್‌ಬರ್ಗ್ ಶಾಲೆ, ಕಾಲೇಜು, ಜಿಮ್, ಸಲೂನ್ ಎಲ್ಲ ಮುಚ್ಚಿಸಿದರು. ಯುದ್ಧವಿಲ್ಲದ ಕಾಲದಲ್ಲಿ ಆ ದೇಶ ಕಂಡ ಅತಿ ಕಠಿಣ ಕ್ರಮ ಅದು. ಸ್ವಂತ ಊರು ಬಿಟ್ಟು ಬೇರೆ ಕಡೆ ಇರುವ ತಮ್ಮದೇ ರಜೆಮನೆಯಲ್ಲಿ ರಾತ್ರಿ ತಂಗುವುದನ್ನೂ ನಿಷೇಧಿಸಿದರು. ತಪ್ಪಿದರೆ 15,000 ಕ್ರೋನರ್ ದಂಡ. ಕಾರಣ ಸರಳ. ಓಸ್ಲೋದವರು ಗುಂಪಾಗಿ ಬೆಟ್ಟದ ಊರಿಗೆ ಹೋಗಿ ಕಾಯಿಲೆ ಬಿದ್ದರೆ ಅಲ್ಲಿಯ ಚಿಕ್ಕ ಆಸ್ಪತ್ರೆ ತಾಳುವುದಿಲ್ಲ. ಈ ನಿಷೇಧಕ್ಕೆ ತುಂಬ ಜನ ಸಿಟ್ಟಾದರು. ನನಗೆ ಅದರಲ್ಲಿ ನ್ಯಾಯ ಕಾಣುತ್ತದೆ.

ಆದರೆ ದೇಶದೊಳಗಿನ ವಿಮಾನವನ್ನು ಸರ್ಕಾರ ನಿಲ್ಲಿಸಲಿಲ್ಲ. ನಾನು ಮೆಚ್ಚುವುದು ಇದನ್ನೇ. ಸಾರಿಗೆ ಸಚಿವ ಕ್ನುಟ್ ಆರಿಲ್ಡ್ ಹರೈಡೆ ಅವರ ಇಲಾಖೆ ಎಸ್‌ಎಎಸ್, ನಾರ್ವೇಜಿಯನ್, ವಿಡರೋ ಮೂರೂ ವಿಮಾನ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಪ್ರಯಾಣಿಕರು ಇರಲಿ, ಬಿಡಲಿ, ದೇಶದ ಎಲ್ಲ ಭಾಗಕ್ಕೂ ಕನಿಷ್ಠ ಇಷ್ಟು ವಿಮಾನ ಹಾರಲೇಬೇಕು. ಟಿಕೆಟ್ ದುಡ್ಡಲ್ಲಿ ಗಿಟ್ಟದ್ದನ್ನು ಸರ್ಕಾರ ಕೊಡುತ್ತದೆ. ವಿಮಾನ ಕಂಪನಿಗಳ ಸಾಲಕ್ಕೆ 600 ಕೋಟಿ ಕ್ರೋನರ್ ಖಾತರಿಯನ್ನೂ ಕೊಟ್ಟರು. ಟಿಕೆಟ್ ಮೇಲಿನ ತೆರಿಗೆಯನ್ನು ಶೇಕಡಾ 12ರಿಂದ 6ಕ್ಕೆ ಇಳಿಸಿದರು.

ಆಗ ಒಂದು ವಿಶೇಷ ನಡೆಯಿತು. ಆ ಏಪ್ರಿಲ್‌ನಲ್ಲಿ ಯುರೋಪಿನ ದೊಡ್ಡ ದೊಡ್ಡ ಕಂಪನಿಗಳ ವಿಮಾನಗಳು ಸಾಲಾಗಿ ನಿಂತಿದ್ದವು. ದಿನಕ್ಕೆ ಅತಿ ಹೆಚ್ಚು ಬಾರಿ ಹಾರಿದ ಕಂಪನಿಗಳ ಪಟ್ಟಿಯಲ್ಲಿ ಮೇಲೆ ಬಂದದ್ದು ವಿಡರೋ. ಹೊರಗೆ ಹೆಚ್ಚು ಜನ ಹೆಸರೂ ಕೇಳದ, 800 ಮೀಟರ್ ರನ್‌ವೇಗಳ ಕಂಪನಿ. ಬೇರೆಯವರು ಓಡಿಸುತ್ತಿದ್ದ ವಿಮಾನಗಳಲ್ಲಿ ಬಹುಪಾಲು ಪ್ರವಾಸಕ್ಕೆ, ವ್ಯಾಪಾರಕ್ಕೆ. ಅವು ನಿಂತರೂ ದೇಶ ನಡೆಯಿತು. ವಿಡರೋ ನಿಂತಿದ್ದರೆ ಟ್ರೋಮ್ಸೋದಲ್ಲಿ ದಿನ ಗೊತ್ತಾಗಿದ್ದ ಚಿಕಿತ್ಸೆಗೆ ರೋಗಿ ತಲುಪುತ್ತಿರಲಿಲ್ಲ. ಎರಡನ್ನೂ ವಿಮಾನ ಅನ್ನುವ ಒಂದೇ ಲೆಕ್ಕಕ್ಕೆ ಸೇರಿಸಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಈಗ ಕಷ್ಟದ ಭಾಗ.

ಓಸ್ಲೋ ಸರ್ಕಾರ ವಿಮಾನ ಓಡಿಸಿತು. ಆದರೆ ಇಳಿಯುವ ಊರುಗಳು ಬಾಗಿಲು ಹಾಕಿದವು. ನಾರ್ವೆಯಲ್ಲಿ 356 ಕಮ್ಯೂನ್‌ಗಳಿದ್ದವು. ಕಮ್ಯೂನ್ ಅಂದರೆ ನಮ್ಮ ಪುರಸಭೆ, ತಾಲೂಕು ಪಂಚಾಯಿತಿ ತರಹದ್ದು, ಆದರೆ ಅಧಿಕಾರ ತುಂಬಾ ಜಾಸ್ತಿ. ಸಾಂಕ್ರಾಮಿಕ ರೋಗದ ಕಾಯ್ದೆಯಲ್ಲಿ ಓಡಾಟಕ್ಕೆ ತಡೆ ಹಾಕುವ ಅಧಿಕಾರವೂ ಅವುಗಳಿಗಿದೆ. ಮಾರ್ಚ್ ಮಧ್ಯದಲ್ಲಿ ಉತ್ತರದ ಹಲವು ಕಮ್ಯೂನ್‌ಗಳು ಒಂದು ನಿಯಮ ತಂದವು. ದಕ್ಷಿಣದಿಂದ ಯಾರೇ ಬರಲಿ, 14 ದಿನ ಕ್ವಾರಂಟೈನ್. ಜನ ಅದನ್ನು ಸೋರಿಂಗ್ ಕ್ವಾರಂಟೈನ್ ಅಂದರು, ದಕ್ಷಿಣದವರ ಕ್ವಾರಂಟೈನ್ ಅಂತ. ಒಂದು ಕಮ್ಯೂನ್‌ನ ನಿಯಮ ಪಕ್ಕದ ಕಮ್ಯೂನ್‌ನಲ್ಲಿ ಇಲ್ಲ. ಟ್ರಕ್ ಚಾಲಕನಿಗೆ ಇಲ್ಲಿ ವಿನಾಯಿತಿ ಇದ್ದರೆ ಅಲ್ಲಿ ಇಲ್ಲ.

ನಮಗೆ ಇದು ಅಪರಿಚಿತವೇನಲ್ಲ. 2020ರ ಮೇ 25ಕ್ಕೆ ಭಾರತದಲ್ಲಿ ದೇಶದೊಳಗಿನ ವಿಮಾನ ಮತ್ತೆ ಶುರುವಾದಾಗ, ಮಹಾರಾಷ್ಟ್ರ, ಗುಜರಾತ್, ದೆಹಲಿ, ತಮಿಳುನಾಡಿನಂಥ ರಾಜ್ಯಗಳಿಂದ ಕರ್ನಾಟಕಕ್ಕೆ ಇಳಿದವರಿಗೆ 7 ದಿನ ಸಾಂಸ್ಥಿಕ ಕ್ವಾರಂಟೈನ್ ಇತ್ತು. ಟಿಕೆಟ್ ಮಾರುವವರು ಒಬ್ಬರು, ತಡೆಯುವವರು ಇನ್ನೊಬ್ಬರು.

ಉತ್ತರದ ಊರುಗಳ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ತೀವ್ರ ನಿಗಾ ಹಾಸಿಗೆ ಬೆರಳೆಣಿಕೆಯಷ್ಟು. ಒಬ್ಬ ಡಾಕ್ಟರ್ ಕಾಯಿಲೆ ಬಿದ್ದರೆ ಅವರ ಜಾಗಕ್ಕೆ ಬರುವವರೂ ದಕ್ಷಿಣದಿಂದ ವಿಮಾನದಲ್ಲೇ ಬರಬೇಕು. ಅವರನ್ನೇ 14 ದಿನ ಕೋಣೆಯಲ್ಲಿ ಕೂರಿಸಿದರೆ? ನಿಯಮದ ದೋಷ ಅಲ್ಲಿದೆ. ಅದು ಎಲ್ಲಿಂದ ಬಂದಿರಿ ಅಂತ ಕೇಳಿತು. ಯಾಕೆ ಬಂದಿರಿ ಅಂತ ಕೇಳಲಿಲ್ಲ. ಕೇಂದ್ರ ಸರ್ಕಾರ ಇಂಥ ನಿಯಮ ತೆಗೆಯಿರಿ, ಕನಿಷ್ಠ ಸಡಿಲಿಸಿ ಅಂತ ಕಮ್ಯೂನ್‌ಗಳಿಗೆ ಹೇಳಿತು. ಮುಂದಿನ ವಾರಗಳಲ್ಲಿ ಒಂದೊಂದೇ ಸಡಿಲವಾದವು. ಆದರೆ ಇಷ್ಟನ್ನು ಮೊದಲೇ ಯೋಚಿಸಿ ಇಟ್ಟಿರಬೇಕಿತ್ತು.

ಜುಲೈ ಕೊನೆಯಲ್ಲಿ ಏನಾಯಿತು ನೋಡಿ. ಹೂರ್ಟಿಗ್ರೂಟನ್ ಕಂಪನಿಯ ರೋಲ್ಡ್ ಅಮುಂಡ್ಸೆನ್ ಎಂಬ ಪ್ರವಾಸಿ ಹಡಗು ಟ್ರೋಮ್ಸೋಗೆ ಬಂತು. ಪ್ರಯಾಣಿಕರು ಇಳಿದು ತಮ್ಮ ತಮ್ಮ ಊರಿಗೆ ಹೊರಟರು. ಸಿಬ್ಬಂದಿಯಲ್ಲಿ ಹತ್ತಾರು ಜನರಿಗೆ ಕೊರೋನಾ ಇರುವುದು ಆಮೇಲೆ ಗೊತ್ತಾಯಿತು. ಎಷ್ಟೋ ಕಮ್ಯೂನ್‌ಗಳು ಆ ಪ್ರಯಾಣಿಕರನ್ನು ಹುಡುಕಬೇಕಾಯಿತು. ವೈರಸ್ ಬಂದದ್ದು ಯಾರಿಗೂ ಅನಿವಾರ್ಯವಲ್ಲದ ಒಂದು ವಿಹಾರದಿಂದ. ವಸಂತದಲ್ಲಿ ಬಾಗಿಲು ಹಾಕಿಸಿಕೊಂಡವರಲ್ಲಿ ಕೆಲಸಕ್ಕೆ ಬಂದವರೂ ಇದ್ದರು. ಇದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ತಡೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ನಾರ್ವೆಯದೇ ಆದ ಸ್ವಾಲ್‌ಬಾರ್ಡ್ ದ್ವೀಪಗಳನ್ನು ನೋಡಿ. ಉತ್ತರ ಧ್ರುವದ ದಾರಿಯಲ್ಲಿ, ಟ್ರೋಮ್ಸೋದಿಂದಲೂ ಸುಮಾರು ಸಾವಿರ ಕಿಲೋಮೀಟರ್ ದೂರ. ಅಲ್ಲಿಯ ಮುಖ್ಯ ಊರು ಲಾಂಗ್‌ಇಯರ್‌ಬ್ಯೂನ್‌ನ ಪುಟ್ಟ ಆಸ್ಪತ್ರೆಯಲ್ಲಿ ಗಂಭೀರ ರೋಗಿಗೆ ಜಾಗವಿಲ್ಲ. ಅಲ್ಲಿಗೆ ಹೋಗುವವರು ವಿಮಾನ ಹತ್ತುವ ಮೊದಲೇ ಟೆಸ್ಟ್ ಮಾಡಿಸಬೇಕು ಅಂತ 2021ರಲ್ಲಿ ನಿಯಮ ಬಂತು. ಅದು ಸರಿಯಾದ ನಿಯಮ. ಯಾವ ಅಪಾಯಕ್ಕೆ ಯಾವ ತಡೆ ಅನ್ನುವುದು ಅದರಲ್ಲಿ ಸ್ಪಷ್ಟವಾಗಿದೆ. ಕೆಲಸಕ್ಕೆ ಹೋಗುವವರೂ ಹೋದರು, ಊರೂ ಉಳಿಯಿತು. ಆ ವರ್ಷದ ಶರತ್ಕಾಲದ ತನಕ ಆ ಊರಿನಲ್ಲಿ ಸೋಂಕು ಕಾಣಿಸಿಕೊಳ್ಳಲಿಲ್ಲ.

ಇನ್ನು ಅಗ್ಗದ ಟಿಕೆಟ್. 2020ರ ನವೆಂಬರ್ ಮೊದಲ ವಾರ ಹಂಗೆರಿಯ ವಿಜ್ ಏರ್ ನಾರ್ವೆಯೊಳಗೆ ಓಸ್ಲೋ–ಬರ್ಗೆನ್, ಓಸ್ಲೋ–ಟ್ರೋಮ್ಸೋ ತರಹದ ಮಾರ್ಗಗಳಲ್ಲಿ ಹಾರಲು ಶುರು ಮಾಡಿತು. ಅದೇ ವಾರ ಸೋಲ್‌ಬರ್ಗ್ ಟಿವಿಯಲ್ಲಿ ಬಂದು, ಆದಷ್ಟು ಮನೆಯಲ್ಲಿರಿ, ಅಗತ್ಯವಿಲ್ಲದೆ ದೇಶದೊಳಗೂ ಓಡಾಡಬೇಡಿ ಅಂತ ಕೇಳಿಕೊಂಡರು. ಆ ಕಂಪನಿ ಕಾರ್ಮಿಕ ಸಂಘಕ್ಕೆ ಅವಕಾಶ ಕೊಡುವುದಿಲ್ಲ ಅನ್ನುವ ಕಾರಣಕ್ಕೆ ಅದರಲ್ಲಿ ತಾವು ಹಾರುವುದಿಲ್ಲ ಅಂತಲೂ ಅವರು ಹೇಳಿದ್ದರು. 2021ರ ಜೂನ್‌ನಲ್ಲಿ ಆ ಮಾರ್ಗಗಳು ಮುಚ್ಚಿದವು. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಒಂದೇ. ಆ ಕಂಪನಿ ಬಂದದ್ದು ಜನ ಜಾಸ್ತಿ ಓಡಾಡುವ ದೊಡ್ಡ ಮಾರ್ಗಗಳಿಗೆ. 800 ಮೀಟರ್ ರನ್‌ವೇಯಲ್ಲಿ ಅದರ ಏರ್‌ಬಸ್ ಇಳಿಯುವುದೂ ಇಲ್ಲ. ಸ್ಪರ್ಧೆ ಬಂದರೆ ಎಲ್ಲರಿಗೂ ಒಳ್ಳೆಯದು ಅನ್ನುವ ಮಾತು ಕಿರ್ಕೆನೆಸ್ ಸುತ್ತಲಿನ ಸಣ್ಣ ಊರುಗಳ ತನಕ ತಲುಪುವುದಿಲ್ಲ.

ಪರಿಸರದ ಕಡೆಯಿಂದ ಮಾತಾಡುವವರಿಗೂ ಒಂದು ಮಾತು. ಆ ದಿನಗಳ ಖಾಲಿ ಆಕಾಶ ನೋಡಿ, ದೇಶದೊಳಗಿನ ವಿಮಾನ ಶಾಶ್ವತವಾಗಿ ನಿಲ್ಲಲಿ ಅಂತ ತುಂಬ ಜನ ಬರೆದರು. ಫ್ರಾನ್ಸ್‌ನಲ್ಲಿ ನಾನೂ ಅವರ ಪರ. 2020ರಲ್ಲಿ ಏರ್ ಫ್ರಾನ್ಸ್‌ಗೆ ನೆರವು ಕೊಟ್ಟಾಗ ಸರ್ಕಾರ ಒಂದು ಷರತ್ತು ಹಾಕಿತು. ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ಹೋಗಬಹುದಾದ ಕಡೆಗೆ ವಿಮಾನ ಬೇಡ. ಪ್ಯಾರಿಸ್‌ನ ಓರ್ಲಿ ನಿಲ್ದಾಣದಿಂದ ಲಿಯೋಂ, ಬೋರ್ಡೋ, ನಾಂತ್ ಊರುಗಳಿಗೆ ಹಾರಾಟ ನಿಂತಿತು. ಪ್ಯಾರಿಸ್‌ನಿಂದ ಲಿಯೋಂಗೆ ಎರಡು ಗಂಟೆಯ ರೈಲಿರುವಾಗ ವಿಮಾನ ಯಾಕೆ? ಒಳ್ಳೆಯ ಷರತ್ತು. ಯಾಕೆಂದರೆ ಅದು ಬೇರೆ ದಾರಿ ಇದೆಯಾ ಅಂತ ಮೊದಲು ನೋಡುತ್ತದೆ. ಅದೇ ಅಳತೆಯಲ್ಲಿ ಉತ್ತರ ನಾರ್ವೆಯನ್ನು ಅಳೆದರೆ ಒಂದು ವಿಮಾನವನ್ನೂ ನಿಲ್ಲಿಸಲು ಆಗುವುದಿಲ್ಲ.

ಇನ್ನು ಮಧ್ಯದ ಸೀಟು ಖಾಲಿ ಬಿಡಬೇಕಾ ಅಂತ ಯುರೋಪಿನಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆಯಿತಲ್ಲ? ಡ್ಯಾಶ್ 8ರಲ್ಲಿ ಆ ಕಡೆ ಎರಡು, ಈ ಕಡೆ ಎರಡು ಸೀಟು. ಮಧ್ಯದ ಸೀಟೇ ಇಲ್ಲ. ಚರ್ಚೆ ಮಾಡುತ್ತಿದ್ದವರ ಕಣ್ಣ ಮುಂದೆ ಇದ್ದ ವಿಮಾನ ಯಾವುದು ಅಂತ ಇದರಿಂದಲೇ ಗೊತ್ತಾಗುತ್ತದೆ.

ಹಾಗಾದರೆ ಏನು ಮಾಡಬೇಕು? 2024ರ ಏಪ್ರಿಲ್‌ನಿಂದ ನಾರ್ವೆ ಈ ಟೆಂಡರ್ ಮಾರ್ಗಗಳ ಗರಿಷ್ಠ ಟಿಕೆಟ್ ದರವನ್ನು ಅರ್ಧಕ್ಕೆ ಇಳಿಸಿದೆ. ಒಳ್ಳೆಯ ಹೆಜ್ಜೆ, ಆದರೆ ಅದು ಸಾಧಾರಣ ದಿನಗಳಿಗಾಯಿತು. ಈ ಮಾರ್ಗಗಳ ಗುತ್ತಿಗೆಯನ್ನು ಕೆಲವು ವರ್ಷಕ್ಕೊಮ್ಮೆ ಹೊಸದಾಗಿ ಕರೆಯುತ್ತಾರೆ. ಆ ಗುತ್ತಿಗೆ ಪತ್ರದಲ್ಲೇ ಸಾಂಕ್ರಾಮಿಕ ಕಾಲದ ವೇಳಾಪಟ್ಟಿಯೂ ಇರಬೇಕು. ಯಾವ ಊರಿನಿಂದ ಯಾವ ಆಸ್ಪತ್ರೆಗೆ ದಿನಕ್ಕೆ ಎಷ್ಟು ವಿಮಾನ. ರೋಗಿ ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರುವಂತಿದೆಯಾ. ಊರು ಬಾಗಿಲು ಹಾಕಿದರೂ ಡಾಕ್ಟರ್, ನರ್ಸ್, ಚಾಲಕರು ಯಾವ ಟೆಸ್ಟ್ ಮಾಡಿಸಿ ಒಳಗೆ ಬರಬಹುದು. ಇದನ್ನು ಕಮ್ಯೂನ್‌ನವರೂ ಇಲಾಖೆಯವರೂ ಒಂದೇ ಮೇಜಿನ ಸುತ್ತ ಕೂತು, ಕಾಯಿಲೆ ಇಲ್ಲದ ದಿನಗಳಲ್ಲಿ ಬರೆದು ಸಹಿ ಹಾಕಲಿ. ಆ ಸಭೆಯನ್ನು ಓಸ್ಲೋದಲ್ಲಿ ಕರೆಯಬೇಡಿ, ಕಿರ್ಕೆನೆಸ್‌ನಲ್ಲೇ ಕರೆಯಿರಿ.